ರೇಡಿಯಸ್ ಅಕೌಂಟಿಂಗ್ ಟೇಬಲ್‌ನಲ್ಲಿ ಒಂದೇ ಸೆಷನ್ ಎರಡೆರಡು ಸಲ ಕೂರ್ತಿದೆ, ತಡೆಯೋದು ಹೇಗೆ?

ರೇಡಿಯಸ್ ಅಂದ್ರೆ ಯೂಸರ್‌ಗಳ ಲಾಗಿನ್ ಒಪ್ಪಿ ಅವರ ಬಳಕೆಯ ಲೆಕ್ಕ ಇಡೋ ವ್ಯವಸ್ಥೆ. ಅದರ ಬಗ್ಗೆ ಓದುಗರೊಬ್ಬರ ಪ್ರಶ್ನೆ ಹೀಗಿದೆ: "ನಮ್ಮದು ಫ್ರೀರೇಡಿಯಸ್ 3 ಮತ್ತು ಮೈಎಸ್‌ಕ್ಯೂಎಲ್ ಸೆಟಪ್. ತಿಂಗಳ ಕೊನೆಗೆ ಯೂಸೇಜ್ ರಿಪೋರ್ಟ್ ತೆಗೆದ್ರೆ ಕೆಲವು ಯೂಸರ್‌ಗಳ ಡೇಟಾ ನಿಜಕ್ಕಿಂತ ದುಪ್ಪಟ್ಟು ತೋರಿಸ್ತಿದೆ. ನೋಡಿದ್ರೆ ರಾಡ್‌ಆಕ್ಟ್ ಟೇಬಲ್‌ನಲ್ಲಿ ಒಂದೇ ಸೆಷನ್ ಐಡಿಗೆ ಎರಡು ರೋ ಇದೆ, ಕೆಲವು ಕಡೆ ಒಂದರಲ್ಲಿ ಸ್ಟಾಪ್ ಟೈಮ್ ಇದೆ, ಇನ್ನೊಂದರಲ್ಲಿ ಖಾಲಿ. ಟೇಬಲ್ ತುಂಬಾ ದೊಡ್ಡದಾಯ್ತು ಅಂತ ಸ್ಟಾರ್ಟ್ ಟೈಮ್ ಮೇಲೆ ತಿಂಗಳವಾರು ಪಾರ್ಟಿಷನ್ ಮಾಡಿದ್ವಿ, ಆಗ ಯೂನಿಕ್ ಕೀ ತೆಗೀಬೇಕಾಯ್ತು. ಆಮೇಲೆ ಬ್ಯಾಕಪ್‌ಗೆ ಅಂತ ಎರಡನೇ ರೇಡಿಯಸ್ ಸರ್ವರ್ ಹಾಕಿದ್ವಿ, ಅಲ್ಲಿಂದ ಸಮಸ್ಯೆ ಇನ್ನೂ ಜಾಸ್ತಿ. ಯುಡಿಪಿ ಅಂದ್ಮೇಲೆ ಇದೆಲ್ಲ ಸಹಜ, ರಾತ್ರಿ ಒಂದು ಸ್ಕ್ರಿಪ್ಟ್ ಓಡಿಸಿ ಡೂಪ್ಲಿಕೇಟ್ ಡಿಲೀಟ್ ಮಾಡ್ತಾ ಇರಿ ಅಂತ ಜೊತೆಯಲ್ಲಿ ಕೆಲಸ ಮಾಡೋರು ಹೇಳ್ತಾರೆ. ಬಿಲ್ಲಿಂಗ್ ಡೇಟಾ ಆದ್ದರಿಂದ ಡಿಲೀಟ್ ಮಾಡೋಕೆ ಭಯ. ಯಾವ ರೋ ನಿಜ, ಯಾವುದು ಸುಳ್ಳು ಅಂತ ಹೇಗೆ ಗೊತ್ತಾಗುತ್ತೆ?"

ನಿಮ್ಮ ಭಯ ಸರಿಯಾಗೇ ಇದೆ, ಡಿಲೀಟ್ ಸ್ಕ್ರಿಪ್ಟ್ ಈಗಲೇ ಹಾಕ್ಬೇಡಿ. ನಿಮಗೆ ನಿಜವಾಗಿ ಕಾಡ್ತಿರೋದು ಎರಡು ಬೇರೆ ಬೇರೆ ವಿಷಯ, ಮುಂದೆ ಡೂಪ್ಲಿಕೇಟ್ ಬರದೆ ಇರೋ ಹಾಗೆ ಮಾಡೋದು ಒಂದು, ಈಗಾಗಲೇ ಬಂದು ಕೂತಿರೋದನ್ನ ಯಾರ ಲೆಕ್ಕವೂ ಕೆಡದ ಹಾಗೆ ಸರಿ ಮಾಡೋದು ಇನ್ನೊಂದು. ಇವೆರಡನ್ನ ಒಂದೇ ಸ್ಕ್ರಿಪ್ಟ್‌ನಲ್ಲಿ ಮುಗಿಸೋಕೆ ಹೋದಾಗಲೇ ಡೇಟಾ ಕಳ್ಕೊಳ್ಳೋದು.

ಯುಡಿಪಿ (ಪ್ಯಾಕೆಟ್ ತಲುಪಿತಾ ಅಂತ ತಾನಾಗಿ ಖಾತ್ರಿ ಮಾಡದ ಸಾಗಣೆ ವಿಧಾನ) ಅಂದ್ಮೇಲೆ ಡೂಪ್ಲಿಕೇಟ್ ಸಹಜ ಅನ್ನೋ ಮಾತು ಅರ್ಧ ನಿಜ. ಪ್ಯಾಕೆಟ್ ಎರಡು ಸಲ ಬರೋದು ಸಹಜ, ಆದ್ರೆ ರೋ ಎರಡು ಸಲ ಕೂರೋದು ಸಹಜ ಅಲ್ಲ. ಸೆಷನ್ ಶುರುವಾದಾಗ ಸ್ಟಾರ್ಟ್, ನಡುನಡುವೆ ಇಂಟೆರಿಮ್, ಮುಗಿದಾಗ ಸ್ಟಾಪ್ ಅಂತ ಅಕೌಂಟಿಂಗ್ ಪ್ಯಾಕೆಟ್ 1813ನೇ ಪೋರ್ಟ್‌ಗೆ ಬರುತ್ತೆ, ಸರ್ವರ್ ಅದನ್ನ ಬರೆದಿಟ್ಕೊಂಡ ಮೇಲೆ ಮಾತ್ರ ರೆಸ್ಪಾನ್ಸ್ ಕಳಿಸ್ಬೇಕು, ಬರೆದಿಡೋಕೆ ಆಗಲಿಲ್ಲ ಅಂದ್ರೆ ಉತ್ತರ ಕೊಡಲೇಬಾರದು ಅಂತ ಅಕೌಂಟಿಂಗ್ ನಿಯಮಗಳ ದಾಖಲೆ ಆರ್‌ಎಫ್‌ಸಿ 2866 ಸ್ಪಷ್ಟವಾಗಿ ಹೇಳುತ್ತೆ. ಉತ್ತರ ಬರದಿದ್ರೆ ನ್ಯಾಸ್, ಅಂದ್ರೆ ಯೂಸರ್‌ಗಳನ್ನ ನೆಟ್‌ವರ್ಕ್‌ಗೆ ಸೇರಿಸೋ ರೂಟರ್ ಅಥವಾ ಆಕ್ಸೆಸ್ ಪಾಯಿಂಟ್‌ನಂಥ ಸಾಧನ, ಮತ್ತೆ ಕಳಿಸುತ್ತೆ. ಕೂಗಿದಾಗ ಓ ಅನ್ನದಿದ್ರೆ ಮತ್ತೆ ಕೂಗ್ತೀವಲ್ಲ, ಹಾಗೆ. ಈಗ ಸರ್ವರ್ ಡೇಟಾಬೇಸ್‌ಗೆ ಬರೆದೂ ಆಯ್ತು, ಆದ್ರೆ ಉತ್ತರ ದಾರೀಲಿ ಕಳೆದುಹೋಯ್ತು ಅಥವಾ ತಡವಾಯ್ತು ಅಂದ್ಕೊಳ್ಳಿ, ನ್ಯಾಸ್‌ಗೆ ಅದು ಗೊತ್ತಾಗೋ ದಾರಿನೇ ಇಲ್ಲ, ಮತ್ತೆ ಕಳಿಸೇ ಕಳಿಸುತ್ತೆ. ಹಾಗೆ ಕಳಿಸದಿದ್ರೆ ನಿಮ್ಮ ಲೆಕ್ಕದಲ್ಲಿ ಸೆಷನ್‌ಗಳೇ ಕಾಣೆಯಾಗ್ತಿದ್ವು, ಅದು ಡೂಪ್ಲಿಕೇಟ್‌ಗಿಂತ ಕೆಟ್ಟದ್ದು, ಯಾಕಂದ್ರೆ ಎರಡು ಸಲ ಬಂದಿದ್ದನ್ನ ಒಂದು ಮಾಡಬಹುದು, ಬರದೇ ಇದ್ದಿದ್ದನ್ನ ಎಲ್ಲಿಂದ ತರೋದು? ಹಾಗಾಗಿ ನ್ಯಾಸ್ ಬಾಯಿ ಮುಚ್ಚಿಸೋಕೆ ಹೋಗ್ಬೇಡಿ, ಒಂದೇ ವಿಷಯ ಎಷ್ಟು ಸಲ ಬಂದ್ರೂ ಟೇಬಲ್‌ನಲ್ಲಿ ಒಂದೇ ರೋ ಇರೋ ಹಾಗೆ ಮಾಡಿ. ಕೆಲಸ ಇರೋದು ಡೇಟಾಬೇಸ್ ಕಡೆ.

ಇದಕ್ಕೇ ಸೇರಿದ ಇನ್ನೊಂದೆರಡು ತಪ್ಪು ನಂಬಿಕೆ ಇದೆ. ಟಿಸಿಪಿಗೋ ಟಿಎಲ್‌ಎಸ್‌ಗೋ ಹೋದ್ರೆ ಸರಿಹೋಗುತ್ತೆ ಅಂತಾರೆ. ರೇಡಿಯಸ್ ಟಿಎಲ್‌ಎಸ್ ಮೇಲೆ ಓಡಿಸೋದು ಸೆಕ್ಯುರಿಟಿ ದೃಷ್ಟಿಯಿಂದ ಒಳ್ಳೇದೇ, ಆದ್ರೆ ಕನೆಕ್ಷನ್ ಕಟ್ ಆಗಿ ನ್ಯಾಸ್ ಇನ್ನೊಂದು ಸರ್ವರ್‌ಗೆ ಹೋದಾಗ ಉತ್ತರ ಸಿಗದ ಪ್ಯಾಕೆಟ್ ಮತ್ತೆ ಹೋಗೇ ಹೋಗುತ್ತೆ. ಸರ್ವರ್ ತಾನೇ ಡೂಪ್ಲಿಕೇಟ್ ಪ್ಯಾಕೆಟ್ ಗುರುತಿಸಿ ಬಿಸಾಡುತ್ತಲ್ಲ ಅಂತ ಕೆಲವರು ಕೇಳ್ತಾರೆ. ಗುರುತಿಸೋದು ನಿಜ, ಆದ್ರೆ ಅದು ಕಳಿಸಿದವರ ಐಪಿ, ಪೋರ್ಟ್, ಐಡೆಂಟಿಫೈಯರ್, ಅಥೆಂಟಿಕೇಟರ್ ಇವನ್ನ ನೋಡಿ, ಅದೂ ಸ್ವಲ್ಪ ಹೊತ್ತಿನ ಮಟ್ಟಿಗೆ. ಐಡೆಂಟಿಫೈಯರ್ ಅನ್ನೋದು ಬರೀ 8 ಬಿಟ್, ಅಂದ್ರೆ ಒಂದು ಪೋರ್ಟ್‌ನಿಂದ 256 ನಂಬರ್ ಅಷ್ಟೇ, ಸುತ್ತಿ ಸುತ್ತಿ ಅದೇ ಬರುತ್ತೆ. ಮೇಲಾಗಿ ನ್ಯಾಸ್ ಆಕ್ಟ್-ಡಿಲೇ-ಟೈಮ್ ಆಟ್ರಿಬ್ಯೂಟ್ (ಕಳಿಸೋಕೆ ಎಷ್ಟು ಸೆಕೆಂಡ್ ತಡವಾಯ್ತು ಅನ್ನೋ ಮಾಹಿತಿ) ಕಳಿಸ್ತಿದ್ರೆ ಮರುಕಳಿಸುವಾಗ ಅದರ ಬೆಲೆ ಬದಲಾಗುತ್ತೆ, ಬದಲಾದ್ರೆ ಐಡೆಂಟಿಫೈಯರ್ ಕೂಡ ಹೊಸದೇ ಹಾಕ್ಬೇಕು, ಆಗ ಸರ್ವರ್ ಕಣ್ಣಿಗೆ ಅದು ಹೊಸ ಪ್ಯಾಕೆಟ್. ಇದು ನಿಯಮದಲ್ಲೇ ಹಾಗಿದೆ. ಈ ಗೋಜಲಿನಿಂದಾಗೇ 2007ರ ಆರ್‌ಎಫ್‌ಸಿ 5080 ಆಕ್ಟ್-ಡಿಲೇ-ಟೈಮ್ ಬದಲು ಈವೆಂಟ್-ಟೈಮ್‌ಸ್ಟ್ಯಾಂಪ್ ಬಳಸಿ ಅಂತ ಹೇಳಿದ್ದು. ನಿಮ್ಮ ನ್ಯಾಸ್‌ನಲ್ಲಿ ಆ ಆಯ್ಕೆ ಇದ್ರೆ ಆನ್ ಮಾಡಿ, ಎಲ್ಲ ಕಡೆ ಗಡಿಯಾರ ಹೊಂದಿಸೋ ಎನ್‌ಟಿಪಿ ಸರಿ ಇದೆಯಾ ನೋಡ್ಕೊಳ್ಳಿ.

ಈಗ ನಿಮ್ಮ ಟೇಬಲ್‌ಗೆ ಬರೋಣ. ಮೊದಲು ಡೂಪ್ಲಿಕೇಟ್ ಅಂತ ನೀವು ಅಂದ್ಕೊಂಡಿರೋ ಒಂದೊಂದು ಜೋಡಿ ರೋ ತಗೊಂಡು ಅದರಲ್ಲಿ ಆಕ್ಟ್‌ಯೂನಿಕ್‌ಐಡಿ ಕಾಲಂ ನೋಡಿ. ಸೆಷನ್ ಐಡಿ ಅಲ್ಲ, ಯೂನಿಕ್ ಐಡಿ. ನಾನು ಇಂಥ ಕೇಸ್ ಬಂದಾಗಲೆಲ್ಲ ಲಾಗ್ ತೆರೆಯೋಕೂ ಮುಂಚೆ ನೋಡೋದು ಇದನ್ನೇ.

ಎರಡೂ ರೋನಲ್ಲಿ ಯೂನಿಕ್ ಐಡಿ ಒಂದೇ ಇದ್ದು, ಎರಡಕ್ಕೂ ಅದೇ ಸ್ಟಾಪ್ ಟೈಮ್, ಅದೇ ಬೈಟ್ ಲೆಕ್ಕ ಇದ್ರೆ, ಸ್ಟಾರ್ಟ್ ಪ್ಯಾಕೆಟ್ ಎರಡು ಸಲ ಬಂದಿದೆ, ಎರಡೂ ಇನ್ಸರ್ಟ್ ಆಗಿದೆ, ಆಮೇಲೆ ಬಂದ ಒಂದೇ ಸ್ಟಾಪ್ ಎರಡೂ ರೋನ ಅಪ್‌ಡೇಟ್ ಮಾಡಿದೆ. ಯಾಕಂದ್ರೆ ಫ್ರೀರೇಡಿಯಸ್ 3ರ ಕ್ವೆರಿ ಯೂನಿಕ್ ಐಡಿ ಹಿಡಿದು ಹುಡುಕುತ್ತೆ, ಎಷ್ಟು ರೋ ಸಿಕ್ಕಿದ್ರೂ ಎಲ್ಲಕ್ಕೂ ಬರೀತದೆ. ನಿಮ್ಮ ರಿಪೋರ್ಟ್‌ನಲ್ಲಿ ಕರೆಕ್ಟಾಗಿ ದುಪ್ಪಟ್ಟು ಬರ್ತಿರೋ ಯೂಸರ್‌ಗಳು ಬಹುಪಾಲು ಇವರೇ ಇರ್ತಾರೆ.

ಯೂನಿಕ್ ಐಡಿ ಒಂದೇ, ಆದ್ರೆ ಒಂದರಲ್ಲಿ ಸ್ಟಾಪ್ ಟೈಮ್ ಖಾಲಿ ಇದ್ರೆ, ಸ್ಟಾಪ್ ಮುಗಿದ ಮೇಲೆ ಸ್ಟಾರ್ಟ್ ಇನ್ನೊಂದು ಸಲ ತಡವಾಗಿ ಬಂದಿದೆ. ಚಿಕ್ಕ ಚಿಕ್ಕ ಸೆಷನ್‌ಗಳಲ್ಲಿ, ಅಥವಾ ಪ್ಯಾಕೆಟ್‌ಗಳನ್ನ ಬರೆದಿಟ್ಟ ಡೀಟೇಲ್ ಫೈಲ್‌ನಿಂದ ಮತ್ತೆ ಓದಿಸಿದಾಗ ಇದು ಕಾಣಿಸುತ್ತೆ.

ಇನ್ನು ಸೆಷನ್ ಐಡಿ ಒಂದೇ ಆದ್ರೆ ಯೂನಿಕ್ ಐಡಿ ಬೇರೆ ಬೇರೆ ಇದ್ರೆ ಅದು ಪೂರ್ತಿ ಬೇರೆ ರೋಗ, ಯೂನಿಕ್ ಕೀ ವಾಪಸ್ ಹಾಕಿದ್ರೂ ಅದು ವಾಸಿ ಆಗಲ್ಲ. ಅದನ್ನ ಸ್ವಲ್ಪ ಆಮೇಲೆ ಹೇಳ್ತೀನಿ.

ಮೊದಲೆರಡಕ್ಕೆ ಮೂಲ ಕಾರಣ ನೀವೇ ಬರೆದಿದ್ದೀರಿ, ಯೂನಿಕ್ ಕೀ (ಒಂದೇ ಬೆಲೆ ಎರಡು ರೋನಲ್ಲಿ ಬರದ ಹಾಗೆ ತಡೆಯೋ ನಿಯಮ) ತೆಗೆದಿದ್ದು. ಫ್ರೀರೇಡಿಯಸ್ ಜೊತೆ ಬರೋ ಟೇಬಲ್‌ನಲ್ಲಿ ಆಕ್ಟ್‌ಯೂನಿಕ್‌ಐಡಿ ಮೇಲೆ ಯೂನಿಕ್ ಕೀ ಇರೋದು ಅಲಂಕಾರಕ್ಕಲ್ಲ, ಇಡೀ ಕ್ವೆರಿ ಲಾಜಿಕ್ ಅದರ ಮೇಲೇ ನಿಂತಿದೆ. ಸ್ಟಾರ್ಟ್ ಬಂದಾಗ ಮೊದಲು ಇನ್ಸರ್ಟ್ ಪ್ರಯತ್ನ ಮಾಡುತ್ತೆ, ಆ ರೋ ಆಗಲೇ ಇದ್ರೆ ಕೀ ಡಿಕ್ಕಿ ಹೊಡೆದು ಇನ್ಸರ್ಟ್ ಫೇಲ್ ಆಗುತ್ತೆ, ಆಗ ಮುಂದಿನ ಕ್ವೆರಿಯಾಗಿ ಅಪ್‌ಡೇಟ್ ಓಡುತ್ತೆ. ಇಂಟೆರಿಮ್ ಮತ್ತು ಸ್ಟಾಪ್ ಉಲ್ಟಾ, ಮೊದಲು ಅಪ್‌ಡೇಟ್, ಒಂದೂ ರೋ ಸಿಗದಿದ್ರೆ ಇನ್ಸರ್ಟ್. ಅಂದ್ರೆ ಸ್ಟಾರ್ಟ್ ವಿಷಯದಲ್ಲಿ ಕೀ ಡಿಕ್ಕಿ ಹೊಡೆಯೋದೇ ಸಿಗ್ನಲ್. ನೀವು ಕೀ ತೆಗೆದ ದಿನದಿಂದ ಆ ಸಿಗ್ನಲ್ ಬರ್ತಾ ಇಲ್ಲ, ಪ್ರತಿ ಸ್ಟಾರ್ಟ್ ಕೂಡ ಸಂತೋಷವಾಗಿ ಹೊಸ ರೋ ಆಗ್ತಿದೆ.

ಕೀ ಇಲ್ಲದಿದ್ರೆ ಏನಂತೆ, ಮೊದಲು ಸೆಲೆಕ್ಟ್ ಮಾಡಿ ರೋ ಇದೆಯಾ ನೋಡಿ ಇಲ್ಲದಿದ್ರೆ ಇನ್ಸರ್ಟ್ ಮಾಡಿದ್ರಾಯ್ತು ಅಂತ ಯಾರಾದ್ರೂ ಹೇಳ್ತಾರೆ, ಕೇಳ್ಬೇಡಿ. ಎರಡು ಥ್ರೆಡ್, ಅಥವಾ ನಿಮ್ಮ ಹಾಗೆ ಎರಡು ಸರ್ವರ್, ಒಂದೇ ಕ್ಷಣದಲ್ಲಿ ನೋಡಿ ಎರಡಕ್ಕೂ ಇಲ್ಲ ಅಂತ ಉತ್ತರ ಸಿಕ್ಕಿ ಎರಡೂ ಇನ್ಸರ್ಟ್ ಮಾಡ್ತವೆ. ಟೆಸ್ಟಿಂಗ್‌ನಲ್ಲಿ ಇದು ಕಾಣಿಸಲ್ಲ, ಲೋಡ್ ಜಾಸ್ತಿ ಆದಾಗಲೇ ಕಾಣಿಸೋದು, ಮತ್ತು ಮರುಕಳಿಸುವಿಕೆ ಜಾಸ್ತಿ ಇರೋದೂ ಆಗಲೇ. ಇದನ್ನ ಖಚಿತವಾಗಿ ತಡೆಯೋದು ಡೇಟಾಬೇಸ್‌ನ ಯೂನಿಕ್ ಕೀ ಒಂದೇ.

ಪಾರ್ಟಿಷನ್ ಮಾಡಿದಾಗ ಕೀ ಹೋಗಿದ್ದು ನಿಮ್ಮ ಅಜಾಗರೂಕತೆಯಿಂದ ಅಲ್ಲ. ಪಾರ್ಟಿಷನ್‌ಗೆ ಯಾವ ಕಾಲಂ ಬಳಸ್ತೀರೋ ಅದು ಟೇಬಲ್‌ನ ಪ್ರತಿ ಯೂನಿಕ್ ಕೀಯಲ್ಲೂ ಇರಲೇಬೇಕು ಅನ್ನೋದು ಮೈಎಸ್‌ಕ್ಯೂಎಲ್ ನಿಯಮ, ಪೋಸ್ಟ್‌ಗ್ರೆಸ್‌ನಲ್ಲೂ ಹಾಗೇ. ಅದಕ್ಕೆ ತುಂಬಾ ಜನ ಯೂನಿಕ್ ಐಡಿ ಜೊತೆ ಸ್ಟಾರ್ಟ್ ಟೈಮ್ ಸೇರಿಸಿ ಕೀ ಮಾಡ್ತಾರೆ, ಎರರ್ ಬರಲ್ಲ, ನೋಡೋಕೆ ಸರಿಯಾಗೇ ಇದೆ ಅನ್ಸುತ್ತೆ, ಆದ್ರೆ ಅದು ಕಾವಲೇ ಅಲ್ಲ. ಮರುಕಳಿಸಿದ ಸ್ಟಾರ್ಟ್‌ನ ಟೈಮ್ ಸರ್ವರ್ ಗಡಿಯಾರದಿಂದ ತಗೊಂಡ್ರೆ ಕೆಲವು ಸೆಕೆಂಡ್ ವ್ಯತ್ಯಾಸ ಬರುತ್ತೆ, ಇಂಟೆರಿಮ್‌ನಿಂದ ಲೆಕ್ಕ ಹಾಕಿದ ಸ್ಟಾರ್ಟ್ ಟೈಮ್ ಒಂದು ಸೆಕೆಂಡ್ ಆಚೀಚೆ ಆಗಬಹುದು, ಒಂದು ಸೆಕೆಂಡ್ ಬೇರೆ ಅಂದ್ರೆ ಕೀ ದೃಷ್ಟಿಯಲ್ಲಿ ಬೇರೆ ಸೆಷನ್. ಸ್ಟಾಪ್ ಟೈಮ್ ಸೇರಿಸೋದು ಇನ್ನೂ ಕೆಟ್ಟದ್ದು, ನಡೀತಿರೋ ಸೆಷನ್‌ನಲ್ಲಿ ಅದು ನಲ್ ಇರುತ್ತೆ, ಯೂನಿಕ್ ಕೀಯಲ್ಲಿ ಒಂದು ನಲ್ ಇನ್ನೊಂದು ನಲ್‌ಗೆ ಸಮ ಅಲ್ಲ, ಹಾಗಾಗಿ ಒಂದೇ ಸೆಷನ್‌ನ ಎಷ್ಟು ತೆರೆದ ರೋ ಬೇಕಾದ್ರೂ ಒಳಗೆ ಬಿಡುತ್ತೆ. ಕೀ ಇದೆ ಅನ್ನೋ ಧೈರ್ಯದಲ್ಲಿ ಯಾರೂ ಅನುಮಾನ ಪಡಲ್ಲ, ಅದೇ ಇದರ ಅಪಾಯ.

ಹಾಗಾದ್ರೆ ದಾರಿ ಏನು? ನಾನು ಹೇಳೋದು ಲೈವ್ ಟೇಬಲ್‌ನ ಪಾರ್ಟಿಷನ್ ಮಾಡ್ಬೇಡಿ. ರೇಡಿಯಸ್ ಬರೆಯೋ ಟೇಬಲ್ ಚಿಕ್ಕದಾಗಿರಲಿ, ಯೂನಿಕ್ ಐಡಿ ಒಂದರ ಮೇಲೆ ಯೂನಿಕ್ ಕೀ ಇರಲಿ, ಮುಗಿದುಹೋದ ಹಳೇ ಸೆಷನ್‌ಗಳನ್ನ ರಾತ್ರಿ ಹೊತ್ತು ಇನ್ನೊಂದು ಆರ್ಕೈವ್ ಟೇಬಲ್‌ಗೆ ಸಾಗಿಸಿ, ಆ ಆರ್ಕೈವ್‌ನ ತಿಂಗಳವಾರು ಪಾರ್ಟಿಷನ್ ಮಾಡ್ಕೊಳ್ಳಿ, ರಿಪೋರ್ಟ್ ಎರಡೂ ಸೇರಿಸಿದ ವ್ಯೂ ಮೇಲೆ ಓಡಲಿ. ಇದರಲ್ಲಿರೋ ರಿಸ್ಕ್ ಅಂದ್ರೆ, ಸಾಗಿಸಿ ಆದ ಮೇಲೆ ತಡವಾಗಿ ಬಂದ ಪ್ಯಾಕೆಟ್ ಲೈವ್ ಟೇಬಲ್‌ನಲ್ಲಿ ಹೊಸ ರೋ ಮಾಡುತ್ತೆ, ಅದಕ್ಕೆ ಸ್ಟಾಪ್ ಆದ ತಕ್ಷಣ ಸಾಗಿಸ್ಬೇಡಿ, ಕೆಲವು ದಿನ ಬಿಡಿ, ಆರ್ಕೈವ್‌ಗೆ ಹಾಕುವಾಗ ಆ ಯೂನಿಕ್ ಐಡಿ ಅಲ್ಲಿ ಮೊದಲೇ ಇದೆಯಾ ನೋಡಿ. ಈ ಕೆಲಸ ಮಾಡೋದು ಒಂದೇ ಪ್ರೋಸೆಸ್ ಆದ್ದರಿಂದ ಇಲ್ಲಿ ನೋಡಿ ಹಾಕೋದು ಪರವಾಗಿಲ್ಲ. ಇನ್ನೊಂದು ದಾರಿ, ಯೂನಿಕ್ ಐಡಿ ಮೇಲೇ ಕೀ ಪಾರ್ಟಿಷನ್ ಮಾಡೋದು, ಪ್ರೈಮರಿ ಕೀಯಲ್ಲೂ ಅದನ್ನ ಸೇರಿಸ್ಬೇಕಾಗುತ್ತೆ, ಕಾವಲು ಉಳಿಯುತ್ತೆ, ಆದ್ರೆ ಹಳೇ ತಿಂಗಳನ್ನ ಒಂದೇ ಏಟಿಗೆ ಡ್ರಾಪ್ ಮಾಡೋ ಅನುಕೂಲ ಹೋಗುತ್ತೆ. ನೀವು ಪಾರ್ಟಿಷನ್ ಮಾಡಿದ್ದೇ ಅದಕ್ಕೆ ಅಂತ ಕಾಣುತ್ತೆ, ಹಾಗಾಗಿ ಇದು ನಿಮಗೆ ಹೊಂದಲ್ಲ.

ಕ್ವೆರಿಗಳನ್ನ ನೀವೇ ಬದಲಾಯಿಸಿದ್ರೆ ಇಷ್ಟು ನೆನಪಿರಲಿ. ರಿಪ್ಲೇಸ್ ಬಳಸ್ಬೇಡಿ, ಅದು ಹಳೇ ರೋ ಅಳಿಸಿ ಹೊಸದು ಹಾಕುತ್ತೆ, ಸ್ಟಾಪ್ ಪ್ಯಾಕೆಟ್‌ನಲ್ಲಿ ಇಲ್ಲದ ಸ್ಟಾರ್ಟ್ ಮಾಹಿತಿ ಎಲ್ಲ ಹೋಯ್ತು. ಇನ್ಸರ್ಟ್ ಇಗ್ನೋರ್ ಕೂಡ ಬೇಡ, ಡೂಪ್ಲಿಕೇಟ್ ಜೊತೆಗೆ ಬೇರೆ ತಪ್ಪುಗಳನ್ನೂ ನುಂಗಿಬಿಡುತ್ತೆ. ಆನ್ ಡೂಪ್ಲಿಕೇಟ್ ಕೀ ಅಪ್‌ಡೇಟ್ ಸರಿಯಾದ ಸಾಧನ, ಅದರೊಳಗೆ ಬೈಟ್ ಮತ್ತು ಸೆಷನ್ ಟೈಮ್‌ಗೆ ಹಳೇದು ಹೊಸದರಲ್ಲಿ ದೊಡ್ಡದನ್ನ ಇಟ್ಕೊಳ್ಳಿ, ಯಾಕಂದ್ರೆ ಈ ಕೌಂಟರ್‌ಗಳು ಸೆಷನ್ ಶುರುವಿನಿಂದ ಏರ್ತಾನೇ ಹೋಗೋ ಒಟ್ಟು ಮೊತ್ತ, ಕಳೆದ ಸಲದಿಂದ ಆದ ವ್ಯತ್ಯಾಸ ಅಲ್ಲ, ಕೂಡಿಸೋದಂತೂ ಯಾವತ್ತೂ ತಪ್ಪು. ತಡವಾಗಿ ಬಂದ ಇಂಟೆರಿಮ್ ಒಂದು ಸ್ಟಾಪ್‌ನ ಸರಿಯಾದ ಲೆಕ್ಕವನ್ನ ಚಿಕ್ಕದು ಮಾಡಬಾರದು ಅನ್ನೋದು ಇದರ ಉದ್ದೇಶ. ಮೈಎಸ್‌ಕ್ಯೂಎಲ್‌ನಲ್ಲಿ ಗ್ರೇಟೆಸ್ಟ್ ಫಂಕ್ಷನ್‌ಗೆ ಒಂದು ಬೆಲೆ ನಲ್ ಕೊಟ್ರೆ ಉತ್ತರವೇ ನಲ್ ಬರುತ್ತೆ, ಹಾಗಾಗಿ ಮೊದಲು ನಲ್‌ನ ಸೊನ್ನೆ ಮಾಡ್ಕೊಳ್ಳಿ. ಸ್ಟಾಪ್ ಆದ ರೋನ ಯಾವ ತಡವಾದ ಪ್ಯಾಕೆಟ್ಟೂ ಮತ್ತೆ ತೆರೆಯೋ ಹಾಗಿರಬಾರದು.

ಈಗ ಆ ಮೂರನೇ ಕೇಸ್, ಯೂನಿಕ್ ಐಡಿಯೇ ಬೇರೆ ಬೇರೆ ಇರೋದು. ಎರಡನೇ ಸರ್ವರ್ ಬಂದ ಮೇಲೆ ಜಾಸ್ತಿ ಆಯ್ತು ಅಂದಿದ್ದೀರಲ್ಲ, ಇದರಲ್ಲಿ ನನಗೆ ಅನುಮಾನ ಜಾಸ್ತಿ. ಈ ಐಡಿ ನ್ಯಾಸ್‌ನಿಂದ ಬರಲ್ಲ, ಫ್ರೀರೇಡಿಯಸ್ ತಾನೇ ಯೂಸರ್ ನೇಮ್, ಸೆಷನ್ ಐಡಿ, ನ್ಯಾಸ್ ಐಪಿ, ನ್ಯಾಸ್ ಐಡೆಂಟಿಫೈಯರ್, ಪೋರ್ಟ್ ಇತ್ಯಾದಿ ಸೇರಿಸಿ ಎಂಡಿ5 ಹ್ಯಾಷ್, ಅಂದ್ರೆ ಒಂದು ಗುರುತಿನ ಕೋಡ್, ಮಾಡುತ್ತೆ. ಇದರಲ್ಲಿ ಯಾವುದೇ ಒಂದು ಸ್ಟಾರ್ಟ್‌ಗೂ ಸ್ಟಾಪ್‌ಗೂ ನಡುವೆ ಒಂದು ಅಕ್ಷರ ಬದಲಾದ್ರೂ ಹ್ಯಾಷ್ ಪೂರ್ತಿ ಬೇರೆ. ಒಂದು ಸರ್ವರ್‌ನಲ್ಲಿ ಯೂಸರ್ ನೇಮ್‌ನ ರೆಲ್ಮ್ ಭಾಗ (ಸಾಮಾನ್ಯವಾಗಿ @ ಆದ ಮೇಲಿನ ಹೆಸರು) ಕತ್ತರಿಸಿದ ಮೇಲೆ ಹ್ಯಾಷ್ ಆಗ್ತಿದೆ, ಇನ್ನೊಂದರಲ್ಲಿ ಕತ್ತರಿಸೋ ಮುಂಚೆ ಆಗ್ತಿದೆ ಅಂದ್ಕೊಳ್ಳಿ, ಸ್ಟಾರ್ಟ್ ಮೊದಲನೇ ಸರ್ವರ್‌ಗೆ ಹೋಗಿ ಸ್ಟಾಪ್ ಎರಡನೇದಕ್ಕೆ ಬಂದ್ರೆ ಸ್ಟಾಪ್‌ಗೆ ತನ್ನ ರೋ ಸಿಗಲ್ಲ, ಹೊಸದು ಇನ್ಸರ್ಟ್ ಆಗುತ್ತೆ, ಹಳೇದು ತೆರೆದೇ ಉಳಿಯುತ್ತೆ. ಅದರಲ್ಲಿ ಕೊನೇ ಇಂಟೆರಿಮ್‌ವರೆಗಿನ ಬೈಟ್ ಇರುತ್ತೆ, ಹೊಸದರಲ್ಲಿ ಪೂರ್ತಿ ಬೈಟ್ ಇರುತ್ತೆ, ಕೂಡಿಸಿದ್ರೆ ದುಪ್ಪಟ್ಟಿಗೆ ಸ್ವಲ್ಪ ಕಮ್ಮಿ. ನಿಮ್ಮ ರಿಪೋರ್ಟ್‌ನಲ್ಲಿ ಹೀಗೆ ಒಂದೂ ಮುಕ್ಕಾಲು ಪಟ್ಟು, ಹತ್ತಿರ ಹತ್ತಿರ ಎರಡು ಪಟ್ಟು ಅಂತ ಬರೋರು ಇದ್ರೆ ಇವರೇ.

ವೈಫೈನಲ್ಲಿ ಇನ್ನೊಂದು ರೀತಿ ಆಗುತ್ತೆ, ಹೊರಗಿನ ಹೆಸರು ಅನಾನಿಮಸ್ ಇಟ್ಟು ಒಳಗೆ ನಿಜವಾದ ಹೆಸರು ಕಳಿಸೋ ಅಥೆಂಟಿಕೇಶನ್‌ನಲ್ಲಿ ನ್ಯಾಸ್ ಒಮ್ಮೆ ಒಂದು ಹೆಸರು, ಇನ್ನೊಮ್ಮೆ ಇನ್ನೊಂದು ಹೆಸರಲ್ಲಿ ಅಕೌಂಟಿಂಗ್ ಕಳಿಸಿದ್ರೆ ಅದೇ ಕಥೆ. ನ್ಯಾಸ್ ಬೇರೆ ಇಂಟರ್‌ಫೇಸ್‌ನಿಂದ ಕಳಿಸಿ ಐಪಿ ಬದಲಾದ್ರೂ ಅಷ್ಟೇ, ಸೋರ್ಸ್ ಐಪಿಯನ್ನ ಲೂಪ್‌ಬ್ಯಾಕ್‌ಗೆ ಕಟ್ಟಿಹಾಕಿ. ಹ್ಯಾಷ್‌ನ ಪಾಕವನ್ನ ಮಧ್ಯಾಹ್ನ ಎಲ್ಲರೂ ಆನ್‌ಲೈನ್ ಇರುವಾಗ ಬದಲಾಯಿಸಿದ್ರಂತೂ ಆ ಕ್ಷಣ ತೆರೆದಿದ್ದ ಎಲ್ಲ ಸೆಷನ್ನೂ ಡೂಪ್ಲಿಕೇಟ್ ಆಗುತ್ತೆ, ವರ್ಷನ್ ಅಪ್‌ಗ್ರೇಡ್ ಮಾಡುವಾಗ ಪಾಲಿಸಿ ಫೈಲ್ ಬದಲಾಗಿದೆಯಾ ಅಂತ ಮೊದಲೇ ಹೋಲಿಸಿ ನೋಡಿ. ಎರಡೂ ಸರ್ವರ್‌ನ ಕಾನ್ಫಿಗ್ ಒಂದೇ ಜಾಗದಿಂದ ಬರೋ ಹಾಗೆ ಮಾಡೋದು ಇದಕ್ಕೆ ಪರಿಹಾರ. ಇನ್ನೂ ಗಟ್ಟಿ ಬೇಕು ಅಂದ್ರೆ ಲಾಗಿನ್ ಒಪ್ಪುವಾಗಲೇ ಕ್ಲಾಸ್ ಆಟ್ರಿಬ್ಯೂಟ್‌ನಲ್ಲಿ ಒಂದು ಐಡಿ ಕಳಿಸಬಹುದು, ನ್ಯಾಸ್ ಅದನ್ನ ಬದಲಾಯಿಸದೆ ಅಕೌಂಟಿಂಗ್‌ನಲ್ಲಿ ವಾಪಸ್ ಕಳಿಸ್ಬೇಕು ಅಂತ ಆರ್‌ಎಫ್‌ಸಿ 2865 ಹೇಳುತ್ತೆ, ಆದ್ರೆ ಕಡ್ಡಾಯ ಅಂತ ಇಲ್ಲ, ಹಾಗಾಗಿ ನಿಮ್ಮ ಒಂದೊಂದು ಮಾಡೆಲ್ ನ್ಯಾಸ್‌ನಲ್ಲೂ ಪ್ಯಾಕೆಟ್ ಹಿಡಿದು ನೋಡಿ ಆಮೇಲೆ ನಂಬಿ.

ಇದರ ಉಲ್ಟಾ ತೊಂದರೆನೂ ಇದೆ, ಯಾರೂ ಗಮನಿಸಲ್ಲ. ಕೆಲವು ನ್ಯಾಸ್ ರೀಬೂಟ್ ಆದ್ರೆ ಸೆಷನ್ ಐಡಿ ಮತ್ತೆ ಮೊದಲಿಂದ ಎಣಿಸ್ತವೆ, ಅದೇ ಯೂಸರ್‌ಗೆ ಅದೇ ಪೋರ್ಟ್‌ನಲ್ಲಿ ಹಳೇ ಐಡಿ ಸಿಕ್ಕಿಬಿಟ್ರೆ ಎರಡು ನಿಜವಾದ ಸೆಷನ್ ಒಂದಾಗಿ ಹೋಗುತ್ತೆ. ಯೂನಿಕ್ ಕೀ ಹಾಕೋ ಮುಂಚೆ ನಿಮ್ಮ ನ್ಯಾಸ್ ಹಾಗೆ ಮಾಡುತ್ತಾ ಅಂತ ಒಂದನ್ನ ರೀಬೂಟ್ ಮಾಡಿ ಪರೀಕ್ಷಿಸಿ. ರೀಬೂಟ್ ಆದಾಗ ನ್ಯಾಸ್ ಕಳಿಸೋ ಅಕೌಂಟಿಂಗ್-ಆನ್ ಪ್ಯಾಕೆಟ್‌ಗೆ ಸರ್ವರ್ ಆ ನ್ಯಾಸ್‌ನ ತೆರೆದ ಸೆಷನ್‌ಗಳನ್ನೆಲ್ಲ ಮುಚ್ಚುತ್ತಿರಬೇಕು, ಇದು ಹೇಗಿದ್ರೂ ಬೇಕು.

ಎರಡು ಸರ್ವರ್ ವಿಷಯದಲ್ಲಿ ನೀವು ಬರೆಯದ ಒಂದು ಪ್ರಶ್ನೆ ಉಳಿದಿದೆ, ಎರಡೂ ಒಂದೇ ಡೇಟಾಬೇಸ್‌ಗೆ ಬರೀತವಾ ಅಥವಾ ತಮ್ಮ ತಮ್ಮದಕ್ಕೆ ಬರೆದು ರೆಪ್ಲಿಕೇಶನ್ ಆಗುತ್ತಾ? ಒಂದೇ ಡೇಟಾಬೇಸ್ ಆದ್ರೆ ಯೂನಿಕ್ ಕೀ ಸಾಕು. ಎರಡೂ ಕಡೆ ಬರೆದು ಆಮೇಲೆ ಹಂಚ್ಕೊಳ್ಳೋ ರೆಪ್ಲಿಕೇಶನ್ ಆದ್ರೆ, ಕೀ ಹಾಕಿದ ಕೂಡಲೇ 1062 (ಡೂಪ್ಲಿಕೇಟ್ ಕೀ) ಎರರ್ ಬಂದು ರೆಪ್ಲಿಕೇಶನ್ ನಿಂತುಹೋಗಬಹುದು. ಬರೆಯೋದು ಯಾವಾಗಲೂ ಒಂದೇ ನೋಡ್‌ಗೆ ಅಂತ ಮಾಡಿ, ಇನ್ನೊಂದು ಸ್ಟ್ಯಾಂಡ್‌ಬೈ ಇರಲಿ. ಗಲೇರಾ ಕ್ಲಸ್ಟರ್ ಇದ್ರೆ ಈ ಡಿಕ್ಕಿ ಡೆಡ್‌ಲಾಕ್ ಎರರ್ ರೂಪದಲ್ಲಿ ಬರುತ್ತೆ, ಗಾಬರಿ ಆಗ್ಬೇಡಿ, ಮತ್ತೊಮ್ಮೆ ಪ್ರಯತ್ನಿಸಿದ್ರೆ ಸರಿಹೋಗುತ್ತೆ, ಆದ್ರೂ ಬರೆಯೋ ನೋಡ್ ಒಂದೇ ಇದ್ರೆ ನೆಮ್ಮದಿ. ನ್ಯಾಸ್‌ನಲ್ಲಿ ಎರಡು ಸರ್ವರ್‌ಗೂ ಸರದಿ ಪ್ರಕಾರ ಹಂಚೋ ಬದಲು ಒಂದು ಮುಖ್ಯ, ಒಂದು ಬ್ಯಾಕಪ್ ಅಂತ ಇಡಿ.

ಮರುಕಳಿಸುವಿಕೆ ಪೂರ್ತಿ ನಿಲ್ಲಿಸೋಕಾಗದಿದ್ರೂ ಕಮ್ಮಿ ಮಾಡಬಹುದು. ಮೈಕ್ರೋಟಿಕ್‌ನ ಹಲವು ವರ್ಷನ್‌ಗಳಲ್ಲಿ ರೇಡಿಯಸ್ ಟೈಮ್‌ಔಟ್ ಡೀಫಾಲ್ಟ್ 300 ಮಿಲಿಸೆಕೆಂಡ್, ಡಿಸ್ಕ್ ಸ್ವಲ್ಪ ನಿಧಾನ ಆದ್ರೂ ಇದು ದಾಟಿಹೋಗುತ್ತೆ, ಎರಡು ಮೂರು ಸೆಕೆಂಡ್ ಕೊಡಿ. ಇಂಟೆರಿಮ್ ಅಪ್‌ಡೇಟ್ 60 ಸೆಕೆಂಡ್‌ಗಿಂತ ಕಮ್ಮಿ ಇಡಲೇಬಾರದು, ಆದಷ್ಟೂ 600 ಸೆಕೆಂಡ್‌ಗಿಂತ ಕಮ್ಮಿ ಬೇಡ ಅಂತ ಆರ್‌ಎಫ್‌ಸಿ 2869 ಹೇಳುತ್ತೆ, ಡೇಟಾಬೇಸ್ ಒದ್ದಾಡ್ತಿದ್ರೆ ಮೊದಲು ಇದನ್ನ ಸಡಿಲ ಮಾಡಿ. ಪ್ಯಾಕೆಟ್‌ನ ಮೊದಲು ಡೀಟೇಲ್ ಫೈಲ್‌ಗೆ ಬರೆದು ಉತ್ತರ ಕೊಟ್ಟು, ಆಮೇಲೆ ನಿಧಾನಕ್ಕೆ ಡೇಟಾಬೇಸ್‌ಗೆ ತುಂಬೋ ಬಫರ್ಡ್ ವ್ಯವಸ್ಥೆ ಫ್ರೀರೇಡಿಯಸ್‌ನಲ್ಲೇ ಇದೆ, ದೊಡ್ಡ ನೆಟ್‌ವರ್ಕ್‌ಗೆ ನಾನು ಅದನ್ನೇ ಹೇಳೋದು, ಆದ್ರೆ ಸರ್ವರ್ ರೀಸ್ಟಾರ್ಟ್ ಆದಾಗ ಅದು ಫೈಲ್‌ನ ಮೊದಲಿಂದ ಓದುತ್ತೆ, ಟ್ರ್ಯಾಕ್ ಅನ್ನೋ ಸೆಟ್ಟಿಂಗ್ ಯೆಸ್ ಮಾಡಿದ್ರೆ ಮಾತ್ರ ಆಗಲೇ ಓದಿದ್ದನ್ನ ಬಿಟ್ಟು ಮುಂದೆ ಹೋಗುತ್ತೆ. ಯೂನಿಕ್ ಕೀ ಇಲ್ಲದೆ ಈ ವ್ಯವಸ್ಥೆಗೆ ಕೈ ಹಾಕ್ಬೇಡಿ.

ಇನ್ನು ಹಳೇ ಕಸ. ನಿಮ್ಮ ಪ್ರಶ್ನೆ ಯಾವ ರೋ ನಿಜ ಅಂತ. ಎರಡೂ ಒಂದೇ ನಿಜದ ಭಾಗ, ಅದಕ್ಕೇ ಒಂದನ್ನ ಆರಿಸಿ ಇನ್ನೊಂದನ್ನ ಡಿಲೀಟ್ ಮಾಡೋದು ಸರಿಯಾದ ವಿಧಾನ ಅಲ್ಲ, ಸೇರಿಸ್ಬೇಕು. ಯೂನಿಕ್ ಐಡಿ ಒಂದೇ ಇರೋ ಗುಂಪಿನಿಂದ ಅತಿ ಹಿಂದಿನ ಸ್ಟಾರ್ಟ್, ಅತಿ ಮುಂದಿನ ಸ್ಟಾಪ್, ಅತಿ ದೊಡ್ಡ ಬೈಟ್ ಮತ್ತು ಸೆಷನ್ ಟೈಮ್ ತಗೊಂಡು ಒಂದು ರೋ ಮಾಡಿ. ಯೂನಿಕ್ ಐಡಿ ಬೇರೆ ಇರೋ ಜೋಡಿಗಳಲ್ಲಿ ಸೆಷನ್ ಐಡಿ, ನ್ಯಾಸ್, ಕಾಲಿಂಗ್ ಸ್ಟೇಷನ್ ಐಡಿ (ಯೂಸರ್ ಸಾಧನದ ಗುರುತು) ಮೂರೂ ಒಂದೇ ಆಗಿದ್ದು ಸಮಯ ಒಂದರ ಮೇಲೊಂದು ಬಿದ್ದಿದ್ರೆ ಮಾತ್ರ ಹಾಗೇ ಸೇರಿಸಿ. ಸಮಯ ಒಂದರ ಮೇಲೊಂದು ಬೀಳದಿದ್ರೆ ಅದು ರೀಬೂಟ್ ಆದ ಮೇಲೆ ಮರುಬಳಕೆಯಾದ ಐಡಿ ಇರಬಹುದು, ಮುಟ್ಟಬೇಡಿ. ವೈಫೈನಲ್ಲಿ ಯೂಸರ್ ಒಂದು ಆಕ್ಸೆಸ್ ಪಾಯಿಂಟ್‌ನಿಂದ ಇನ್ನೊಂದಕ್ಕೆ ಹೋದಾಗ ಹೊಸ ಸೆಷನ್ ಐಡಿಯಲ್ಲಿ ಬರೋ ರೋಗಳು ಡೂಪ್ಲಿಕೇಟ್ ಅಲ್ಲವೇ ಅಲ್ಲ. ಬೈಟ್ ಕೌಂಟರ್ 32 ಬಿಟ್ ಆದ್ದರಿಂದ 4294967296 ಬೈಟ್ ಆದ ಮೇಲೆ ಸೊನ್ನೆಯಿಂದ ಶುರುವಾಗುತ್ತೆ, ಉಳಿದಿದ್ದು ಗಿಗಾವರ್ಡ್ಸ್ ಆಟ್ರಿಬ್ಯೂಟ್‌ನಲ್ಲಿ ಬರ್ಬೇಕು, ಯಾವುದಾದ್ರೂ ನ್ಯಾಸ್ ಅದನ್ನ ಕಳಿಸ್ತಿಲ್ಲ ಅಂದ್ರೆ ಅದರ ದೊಡ್ಡ ಸೆಷನ್‌ಗಳಲ್ಲಿ ಈ ದೊಡ್ಡದು ಆರಿಸೋ ಲೆಕ್ಕ ನಂಬೋಕಾಗಲ್ಲ, ಅವನ್ನ ಬೇರೆ ತೆಗೆದಿಟ್ಟು ಕೈಯಿಂದ ನೋಡಿ.

ಇದನ್ನೆಲ್ಲ ಲೈವ್ ಟೇಬಲ್‌ನಲ್ಲಿ ಮಾಡ್ಬೇಡಿ. ಕೀ ಇರೋ ಹೊಸ ಟೇಬಲ್ ಮಾಡಿ, ಕಮ್ಮಿ ಜನ ಇರೋ ಹೊತ್ತಲ್ಲಿ ಹೆಸರು ಅದಲುಬದಲು ಮಾಡಿ ರೇಡಿಯಸ್ ಹೊಸದಕ್ಕೆ ಬರೆಯೋ ಹಾಗೆ ಮಾಡಿ, ಅದಲುಬದಲಿಗೆ ಮುಂಚೆ ಆಗ ತೆರೆದಿರೋ ಸೆಷನ್‌ಗಳನ್ನ ಸೇರಿಸಿ ಹೊಸದಕ್ಕೆ ತುಂಬಿರಬೇಕು, ಹಳೇದನ್ನ ಆಮೇಲೆ ನಿಧಾನಕ್ಕೆ ಆರ್ಕೈವ್‌ಗೆ ಸೇರಿಸಿ. ಹಳೇ ಟೇಬಲ್ ಮುಟ್ಟದೆ ಹಾಗೇ ಇಟ್ಕೊಳ್ಳಿ, ಯಾರಾದ್ರೂ ಬಿಲ್ ಬಗ್ಗೆ ತಕರಾರು ಎತ್ತಿದ್ರೆ ತೋರಿಸೋಕೆ ಬೇಕಾಗುತ್ತೆ. ಪರ್ಕೋನಾದ ಆನ್‌ಲೈನ್ ಸ್ಕೀಮಾ ಚೇಂಜ್ ಟೂಲ್‌ನಿಂದ ಯೂನಿಕ್ ಕೀ ಸೇರಿಸೋ ಆಲೋಚನೆ ಇದ್ರೆ ಎಚ್ಚರ, ಅದು ಒಳಗೊಳಗೆ ಇನ್ಸರ್ಟ್ ಇಗ್ನೋರ್ ಬಳಸುತ್ತೆ, ಡೂಪ್ಲಿಕೇಟ್ ರೋಗಳನ್ನ ಸದ್ದಿಲ್ಲದೆ ಬಿಟ್ಟುಬಿಡುತ್ತೆ, ಉಳಿಯೋದು ಸ್ಟಾಪ್ ಇರೋ ರೋನಾ ಇಲ್ಲದೇ ಇರೋದಾ ಅಂತ ನಿಮ್ಮ ಕೈಲಿರಲ್ಲ. ಟೂಲ್ ಇದಕ್ಕೇ ಡೀಫಾಲ್ಟ್ ಆಗಿ ತಡೆ ಹಾಕಿದೆ, ಆ ತಡೆ ತೆಗೆಯೋ ಆಪ್ಷನ್ ಕೊಡ್ಬೇಡಿ.

ರಾತ್ರಿ ಸ್ಕ್ರಿಪ್ಟ್ ಓಡಿಸಲೇಬೇಕು ಅಂದ್ರೆ ಅದು ಡಿಲೀಟ್ ಮಾಡೋದಲ್ಲ, ಎಣಿಸೋದಾಗಿರಲಿ. ಒಂದೇ ನ್ಯಾಸ್, ಒಂದೇ ಸೆಷನ್ ಐಡಿಗೆ ಎರಡು ಯೂನಿಕ್ ಐಡಿ ಎಷ್ಟಿವೆ, ಎರಡು ಇಂಟೆರಿಮ್ ಅವಧಿ ಕಳೆದ್ರೂ ಅಪ್‌ಡೇಟ್ ಬರದೆ ತೆರೆದಿರೋ ರೋ ಎಷ್ಟಿವೆ ಅಂತ ನ್ಯಾಸ್‌ವಾರು ಬರೆದಿಡಲಿ. ಯಾವ ನ್ಯಾಸ್‌ನ ಸಂಖ್ಯೆ ಏರ್ತಿದೆಯೋ ಅಲ್ಲಿ ಪ್ಯಾಕೆಟ್ ಹಿಡಿದು ನೋಡಿ, ಸ್ಟಾರ್ಟ್ ಮತ್ತು ಸ್ಟಾಪ್ ಅಕ್ಕಪಕ್ಕ ಇಟ್ರೆ ಯಾವ ಆಟ್ರಿಬ್ಯೂಟ್ ಬದಲಾಗಿದೆ ಅಂತ ಸಿಕ್ಕಿಬಿಡುತ್ತೆ.